ಒಣಹವೆಯವರ ಮೋಡದ ಮಿಠಾಯಿ

ಎಲ್ಲಾ ಶುರುವಾದದ್ದು ಒಂದೇ ಒಂದು ಮಾತಿನಿಂದ. ಆ ಹೊತ್ತಿಗೆ ಒಣಹವೆಯವರು ಕೈಯಲ್ಲಿದ್ದ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿಯುತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಅವರ ಹಣೆಯಲ್ಲಿ ಬರೆದಿಲ್ಲ, ಏನು ಮಾಡೋಣ.

ಒಣಹವೆ ಎಂಬುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಹವಾಮಾನ ಕಚೇರಿಯಲ್ಲಿ ಗುಮಾಸ್ತರು. ಮೇಲಿನವರು ಹೇಳಿದ್ದನ್ನು ಟೈಪು ಮಾಡಿ ರೇಡಿಯೋದವರಿಗೆ ಕಳಿಸುವುದು ಅವರ ಕೆಲಸ. ಆ ವರದಿ 'ಒಣ ಹವೆ ಮುಂದುವರಿಯಲಿದೆ' ಎಂದು ಮುಗಿಯುವುದೇ ಹೆಚ್ಚು. ಅದನ್ನು ನಂಬಿ ಕೊಡೆ ಮನೆಯಲ್ಲಿ ಬಿಟ್ಟುಹೋಗಿ, ಸಾಯಂಕಾಲ ತೊಯ್ದು ತೊಪ್ಪೆಯಾಗಿ ಬಂದ ನೆರೆಹೊರೆಯವರೆಲ್ಲಾ ಸೇರಿ, ಹಲ್ಲು ಕಡಿಯುತ್ತಾ, ಒಮ್ಮತದಿಂದ ಇಟ್ಟ ಹೆಸರು ಅದು. ಈಗ ಅಂಚೆಯವನೂ ಹಾಗೇ ಕೂಗುತ್ತಾನೆ.

ಅವರಿದ್ದದ್ದು ಒಂದು ಹಳೇ ಕಟ್ಟಡದ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ. ನೆಲಮಟ್ಟದಲ್ಲಿ ರಸ್ತೆಯ ಕಡೆಗೆ ಬೇಕರಿ. ಅದರ ಹಿಂದೆ, ನೀರಿನ ತೊಟ್ಟಿಗೆ ಅಂಟಿಕೊಂಡಂತೆ, ಕಟ್ಟಡದ ಯಜಮಾನಿಯ ಮನೆ. ವಯಸ್ಸಾದ ಹೆಂಗಸು, ಮಂಡಿನೋವು ಬಂದಮೇಲೆ ಮೆಟ್ಟಿಲು ಹತ್ತಿದವರಲ್ಲ. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಅವರ ಮೇಲೆ ಒಬ್ಬ ದರ್ಜಿ, ದರ್ಜಿಯ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರು, ಮೇಷ್ಟ್ರ ತಲೆಯ ಮೇಲೆ ಒಣಹವೆ ದಂಪತಿ. ಬೇಕರಿಯ ಹೊಗೆಕೊಳವೆ ಹೊರಗೋಡೆಯ ಗುಂಟ ಮೇಲಕ್ಕೆ ಬಂದು, ಯಾವ ಪುಣ್ಯಾತ್ಮನ ನಕ್ಷೆಯೋ ಏನೋ, ಸರಿಯಾಗಿ ಈ ಕೋಣೆಯ ಗೋಡೆಯೊಳಗೆ ನುಗ್ಗಿ ಆಚೆ ಹೋಗುತ್ತಿತ್ತು. ಹೀಗಾಗಿ ಆ ಗೋಡೆ ಹಗಲೂ ರಾತ್ರಿ ಬೆಚ್ಚಗೆ. ಇವರಿಗಿಂತ ಮುಂಚೆ ಇದ್ದವರೆಲ್ಲಾ 'ಬೆಂದುಹೋದ್ವಿ' ಎಂದು ಬಿಟ್ಟು ಓಡಿದ್ದರು.

ಒಣಹವೆಯವರಿಗೆ ಮಾತ್ರ ಅದು ಸ್ವರ್ಗ. ಅವರಿಗೊಂದು ಸೀನಿನ ಕಾಯಿಲೆ. ಶುರುವಾದರೆ ಕಿಟಕಿಯ ಗಾಜು ನಡುಗಬೇಕು, ಹಾಗೆ. ಹಿಂದಿನ ಮನೆಗಳಲ್ಲಿ ರಾತ್ರಿಯಿಡೀ ಅವರು ಸೀನುತ್ತಿದ್ದರೆ, ಹೆಂಡತಿ ಗೋಡೆಗೊರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತಿದ್ದಳು. ಈ ಕೋಣೆಗೆ ಬಂದ ಮೊದಲ ರಾತ್ರಿಯೇ ಸೀನು ನಿಂತುಹೋಯಿತು. "ಎತ್ತರದ ಮನೆ ಅಲ್ವಾ, ಗಾಳಿ ಚೆನ್ನಾಗಿದೆ" ಎಂದುಕೊಂಡರು ಇಬ್ಬರೂ. ಹೆಂಡತಿಯಂತೂ, "ಜನ ನರಕ ಮಾತ್ರ ಬಿಸಿ ಅಂತಾರೆ, ಎಲ್ಲಾ ಸುಳ್ಳು, ಸ್ವರ್ಗಾನೂ ಬಿಸೀನೇ" ಎಂದು ಕಾಲು ಚಾಚಿ ಮಲಗಿದವಳು ಮಾರನೇ ದಿನ ಮಧ್ಯಾಹ್ನ ಎದ್ದಿದ್ದಳು.

ಅಂಥಾ ಕೋಣೆಯನ್ನು ಖಾಲಿ ಮಾಡಿ ಎಂದುಬಿಟ್ಟರು ದೊಡ್ಡಮ್ಮ, ಒಣಹವೆಯವರನ್ನು ಕೆಳಗೆ ತಮ್ಮ ಮನೆಗೆ ಕರೆಸಿಕೊಂಡು.

"ನನ್ನ ತಮ್ಮನ ಮಗ ಈ ಊರಿಗೇ ಬರ್ತಿದಾನಂತೆ. ಮೇಲಿನ ಕೋಣೆ ಅವನಿಗೆ ಬೇಕಂತೆ. ತಿಂಗಳ ಕೊನೆಗೆ ಬಿಟ್ಟುಕೊಡಿಪ್ಪಾ" ಎಂದು, ಬೇಜಾರಾಗಬಾರದಲ್ಲ ಅಂತ ಚಹಾ ಕೊಟ್ಟು, ಬಿಸ್ಕತ್ತಿನ ತಟ್ಟೆ ಮುಂದಿಟ್ಟರು. ಒಣಹವೆಯವರು ಒಂದು ಸಲ ಸೀನಿ, ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿಕೊಂಡರು. ದೊಡ್ಡಮ್ಮ ತಾವೇ ಮಾತು ಮುಂದುವರಿಸಿದರು.

"ಇದೂ ಒಂದು ತಿನಿಸಾ, ಈ ಬಿಸ್ಕತ್ತು? ನಮ್ಮ ಸೋದರತ್ತೆ ಒಂದು ಮಿಠಾಯಿ ಮಾಡ್ತಿದ್ಲು. ಮೋಡದ ಮಿಠಾಯಿ. ಮೊಟ್ಟೆ ಬಿಳಿ ಇರುತ್ತಲ್ಲ, ಅದನ್ನ ನೊರೆ ಕಡೆದೂ ಕಡೆದೂ ಬೆಟ್ಟದ ಹಾಗೆ ಎಬ್ಬಿಸಿ, ಅದಕ್ಕೆ ಕುದಿಯೋ ಸಕ್ಕರೆ ಪಾಕ ಸಣ್ಣಗೆ ಹೊಯ್ಯೋದು. ಹೊಯ್ತಾ ಹೊಯ್ತಾನೇ ಕಡೀಬೇಕು. ಅದರ ಹೊಳಪು ಹೋಗೋವರೆಗೂ ಕೈ ನಿಲ್ಲಿಸೋ ಹಾಗಿಲ್ಲ. ಆಮೇಲೆ ಚಮಚದಲ್ಲಿ ತಟ್ಟೆಗೆ ಹಾಕಿದ್ರೆ, ಅಬ್ಬಾ, ಒಂದೊಂದೂ ಪುಟ್ಟ ಪುಟ್ಟ ಮೋಡ! ಹಲ್ಲಿಗೆ ತಾಗೋದೇ ತಡ, ಮಾಯ. ಬಾಯಲ್ಲಿ ಸಿಹಿ ಇರುತ್ತೆ, ಮಿಠಾಯಿ ಇರಲ್ಲ."

"ನೀವು ಮಾಡಿಲ್ವಾ ದೊಡ್ಡಮ್ಮ?"

"ಮದುವೆಯಾಗಿ ಈ ಮನೆಗೆ ಬಂದಮೇಲೆ ಎಷ್ಟು ಸಲ ಮಾಡಿದ್ದೀನೋ. ಒಂದು ಸಲಾನೂ ಗಟ್ಟಿಯಾಗ್ಲಿಲ್ಲ. ಅಂಟು, ಬರೀ ಅಂಟು. ನಮ್ಮತ್ತೆ, ಗಂಡನ ತಾಯಿ, ಎಲ್ಲರೆದುರಿಗೂ ಹೇಳಿಬಿಟ್ರು, ನಿನಗೆ ಕೈಗುಣ ಇಲ್ಲ ಕಣೇ ಅಂತ. ಅವತ್ತೇ ಬಿಟ್ಟೆ." ದೊಡ್ಡಮ್ಮ ತಮ್ಮ ಎರಡೂ ಕೈ ನೋಡಿಕೊಂಡು ಮಡಿಲಲ್ಲಿಟ್ಟುಕೊಂಡರು.

ಇಲ್ಲಿ ನೋಡಿ, ಇಲ್ಲಿ ಒಣಹವೆಯವರು ಬಿಸ್ಕತ್ತು ಕಚ್ಚಬೇಕಿತ್ತು. ಬದಲಿಗೆ ಬಾಯಿ ಬಿಟ್ಟರು.

"ಮೋಡ ಅಂದಮೇಲೆ ಅದು ನಮ್ಮ ಇಲಾಖೆ ದೊಡ್ಡಮ್ಮ! ನಾಳೆ ನನಗೆ ರಜ. ಸಾಯಂಕಾಲಕ್ಕೆ ಮಾಡಿ ನಿಮಗೆ ತಿನ್ನಿಸಲಿಲ್ಲ ಅಂದ್ರೆ ಕೇಳಿ."

ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು? ನಿಮ್ಮ ಕೈಯಲ್ಲಿ ಅದು ಗಟ್ಟಿಯಾಯ್ತು ಅನ್ನಿ, ನನ್ನ ತಮ್ಮನ ಮಗನಿಗೆ ಬೇರೆ ಮನೆ ನೋಡ್ಕೋ ಅಂತೀನಿ. ಅಂಥಾ ಕೈಗುಣದವರನ್ನ ನಾನು ಮನೆಯಿಂದ ಕಳಿಸ್ತೀನಾ?"

ಅಷ್ಟೇ. ಒಂದು ಮಿಠಾಯಿಗೆ ಒಂದು ಕೋಣೆ.

ಮಾರನೇ ಬೆಳಿಗ್ಗೆ ಒಣಹವೆಯವರು ಸೊಂಟಕ್ಕೆ ಹೆಂಡತಿಯ ಏಪ್ರನ್ನು ಕಟ್ಟಿಕೊಂಡು, ಬೇಕರಿಯಿಂದ ತಂದ ಮೊಟ್ಟೆಯ ಬುಟ್ಟಿಯನ್ನು ಮುಂದಿಟ್ಟುಕೊಂಡು ನಿಂತರು. ಹೆಂಡತಿ ಬಾಗಿಲಿಗೆ ಒರಗಿ ಕೈಕಟ್ಟಿಕೊಂಡು ನೋಡಿದಳು.

"ರೀ, ನಿಮಗೆ ಮೊಟ್ಟೆ ಒಡೆಯೋಕೆ ಬರುತ್ತಾ?"

"ಒಡೆಯೋದು ಏನು ಮಹಾ? ಕೆಳಗೆ ಬಿದ್ರೂ ಒಡೆಯುತ್ತೆ."

"ಕೆಳಗೆ ಬೀಳಿಸ್ತೀರಾ ಅಂತಾನೇ ಕೇಳಿದ್ದು. ಈ ಕೋಣೆ ಹೋದ್ರೆ ನಾನು ಮತ್ತೆ ಗೋಡೆಗೆ ಒರಗಿ ಮಲಗಬೇಕು, ನೆನಪಿರಲಿ. ಹೋಗ್ಲಿ, ಸರೀರಿ ಆ ಕಡೆ." ಅವಳೇ ಬಿಳಿ, ಹಳದಿ ಬೇರೆ ಮಾಡತೊಡಗಿದಳು.

ರೇಡಿಯೋದಲ್ಲಿ ವರದಿ ಬರುತ್ತಿತ್ತು: ಒಣ ಹವೆ ಮುಂದುವರಿಯಲಿದೆ. ಅದನ್ನು ನಿನ್ನೆ ಟೈಪು ಮಾಡಿದ್ದು ಇದೇ ಒಣಹವೆಯವರು. ಕೇಳಿ ಹೆಮ್ಮೆಯಿಂದ ತಲೆಯಾಡಿಸುವಷ್ಟರಲ್ಲಿ ತಾರಸಿಯ ಮೇಲೆ ಪಟಪಟ ಸದ್ದಾಯಿತು. ನೋಡನೋಡುತ್ತಿದ್ದಂತೆ ಮಳೆ ಧೋ ಎಂದು ಹಿಡಿದುಕೊಂಡಿತು. ಕೆಳಗಿನಿಂದ ಯಾರೋ ಗಟ್ಟಿಯಾಗಿ ಅವರ ಹೆಸರು ಹಿಡಿದು ಬೈದದ್ದು ಮೂರು ಅಂತಸ್ತು ದಾಟಿ ಕೇಳಿಸಿತು.

ಪಾಕಕ್ಕೆ ಸಕ್ಕರೆ ನೀರು ಒಲೆಯ ಮೇಲಿಟ್ಟರು. ಒಲೆ ಒಮ್ಮೆ ನೀಲಿಯಾಗಿ ಉರಿಯಿತು, ಕೆಮ್ಮಿತು, ಆರಿತು. ಗ್ಯಾಸು ಖಾಲಿ. ಒಣಹವೆಯವರು ತಲೆಯ ಮೇಲೆ ಕೈಹೊತ್ತು ಕೂತರು.

ಅಷ್ಟರಲ್ಲಿ ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಮುಖದಲ್ಲಿ ಪೊದೆಯಂಥಾ ಮೀಸೆ. ನಿವೃತ್ತರಾದಮೇಲೆ ಅವರ ಕೈಗೆ ಸಿಗುವ ಮಕ್ಕಳಿಲ್ಲದೆ, ಕಟ್ಟಡದವರನ್ನೇ ಸಾಲಾಗಿ ನಿಲ್ಲಿಸಬೇಕೆಂಬ ಆಸೆಯಿಂದ ಓಡಾಡುವವರು. ಯಾರ ಮನೆಯಲ್ಲಿ ಏನು ನಡೆದರೂ ಅವರಿಗೆ ಮೊದಲು ಗೊತ್ತಾಗುತ್ತದೆ.

"ಏನ್ರೀ ಒಣಹವೆಯವರೇ, ಮಿಠಾಯಿಯಂತೆ! ಗ್ಯಾಸಿಲ್ವಾ? ನಡೀರಿ ನಮ್ಮನೆಗೆ. ಕಡೆಯೋಕೆ ಕೈ ಬೇಕು ತಾನೇ? ಇದು ಕೈ ಅಲ್ಲ, ಕಬ್ಬಿಣ!" ಎಂದು ತೋಳು ಮಡಿಸಿ ತೋರಿಸಿದರು. ಬಟ್ಟಲಿನಲ್ಲಿ ಬೇರೆಯಾಗಿ ತೇಲುತ್ತಿದ್ದ ಹಳದಿಗಳನ್ನು ಕಂಡು ಅವರ ಕಣ್ಣು ಅರಳಿತು. "ಈ ಹಳದಿ ಏನ್ಮಾಡ್ತೀರಿ? ಬೇಡ್ವಾ? ಅಯ್ಯೋ, ದಂಡ ಮಾಡಬಾರದು ಕಣ್ರೀ." ಗಟಗಟ ಎತ್ತಿಬಿಟ್ಟರು.

ಮೇಷ್ಟ್ರ ಅಡುಗೆಮನೆಯಲ್ಲಿ ಕಿಟಕಿಗಳೆಲ್ಲಾ ತೆರೆದಿದ್ದವು, ಆರೋಗ್ಯಕ್ಕೆ. ಮಳೆಯ ಎರಚಲು ನೇರ ಒಳಗೆ. ಮೇಷ್ಟ್ರು ಪಾತ್ರೆಯನ್ನು ಕಂಕುಳಲ್ಲಿಟ್ಟು, ತಂತಿಯ ಬೀಟರು ಹಿಡಿದು, "ಒಂದ್! ಎರಡ್! ಒಂದ್! ಎರಡ್!" ಎಂದು ಶುರುಮಾಡಿದರು. ಸುಳ್ಳು ಹೇಳಬಾರದು, ಕೈಯೆಂದರೆ ಕೈ. ನೀರಿನಂತಿದ್ದ ಮೊಟ್ಟೆಯ ಬಿಳಿ ಕ್ಷಣಕ್ಷಣಕ್ಕೂ ಉಬ್ಬಿತು, ಬೆಳ್ಳಗಾಯಿತು, ಪಾತ್ರೆಯ ಕಂಠದವರೆಗೆ ಏರಿತು. ಗದ್ದಲ ಕೇಳಿ ಹತ್ತಿ ಬಂದಿದ್ದ ದರ್ಜಿ ಕಣ್ಣು ಬಿಟ್ಟ ಹಾಗೆಯೇ ನಿಂತ.

"ಗಟ್ಟಿಯಾಯ್ತೋ ಇಲ್ಲವೋ ನೋಡ್ಬೇಕಾದ್ರೆ ಪಾತ್ರೆ ಬೋರಲು ಹಾಕ್ಬೇಕು" ಎಂದ ಮೇಷ್ಟ್ರು, ಹೇಳಿದ ಮಾತಿಗೆ ತಪ್ಪದೆ, ದರ್ಜಿಯ ತಲೆಯ ಮೇಲೇ ಬೋರಲು ಹಿಡಿದರು.

"ಮೇಷ್ಟ್ರೇ, ನನ್ನ ತಲೆ ಯಾಕೆ?"

"ಅಲುಗಾಡಬೇಡ!"

ಎಲ್ಲರೂ ಉಸಿರು ಬಿಗಿಹಿಡಿದರು. ಒಂದು ಹನಿಯೂ ಬೀಳಲಿಲ್ಲ. ಅಷ್ಟೆತ್ತರದ ನೊರೆ ತಲೆಕೆಳಗಾಗಿ ನಿಂತೇ ಇತ್ತು. ದರ್ಜಿ ಮೆಲ್ಲಗೆ ಕತ್ತೆತ್ತಿ ಆ ಬಿಳುಪನ್ನು ನೋಡಿ, "ಅಬ್ಬಬ್ಬಾ! ಇದು ಮೊಟ್ಟೆಯಿಂದ ಬಂದಿದ್ದಾ?" ಎಂದ.

ಆದರೆ ಪಾಕ ಹೊಯ್ದು ಕಡೆದು ತಟ್ಟೆಗೆ ಹಾಕಿದಾಗ ಮೋಡಗಳು ಮೋಡಗಳಾಗಿ ಉಳಿಯಲಿಲ್ಲ. ಮೆಲ್ಲಗೆ ಹರಡಿದವು, ಒಂದಕ್ಕೊಂದು ಸೇರಿದವು, ಕೊನೆಗೆ ಇಡೀ ತಟ್ಟೆ ಬಿಳಿಯ ಕೊಳವಾಯಿತು. ರುಚಿ ನೋಡಲು ಬಗ್ಗಿದ ಮೇಷ್ಟ್ರ ಮೀಸೆ ಅದಕ್ಕೆ ಅಂಟಿಕೊಂಡು, ಅವರು ತಲೆಯೆತ್ತಿದಾಗ ತಟ್ಟೆಯೂ ಜೊತೆಗೇ ಎದ್ದು ಬಂತು. ಬಿಸಿನೀರು ಹಾಕಿ ಬಿಡಿಸಬೇಕಾಯಿತು. ಈ ನಡುವೆ ಒಣಹವೆಯವರು ಎರಡು ಸಲ ಸೀನಿದರು. ಯಾರೂ ಗಮನ ಕೊಡಲಿಲ್ಲ.

"ತಪ್ಪು ಪಾಕದ್ದು ಸಾರ್" ಎಂದ ದರ್ಜಿ, ತಲೆ ಉಳಿದ ಧೈರ್ಯದಿಂದ. "ಎಳೆ ಸರಿಯಾಗಿ ಬಂದಿಲ್ಲ. ಎಳೆ ವಿಷಯ ನನಗೆ ಬಿಡಿ. ನನ್ನ ಜೀವನವೇ ಎಳೆ. ನಡೀರಿ ನನ್ನ ಮನೆಗೆ."

ಹೊಸ ಮೊಟ್ಟೆಗಳೊಂದಿಗೆ ಮೆರವಣಿಗೆ ಒಂದಂತಸ್ತು ಇಳಿಯಿತು. ಆ ಮೊಟ್ಟೆಗಳ ಹಳದಿಯೂ ಮೇಷ್ಟ್ರ ಹೊಟ್ಟೆ ಸೇರಿತು.

ದರ್ಜಿಯ ಮನೆ ಎಂದರೆ ಒಂದೇ ಕೋಣೆ. ಅದೇ ಅಂಗಡಿ, ಅದೇ ಅಡುಗೆಮನೆ. ಬ್ಯಾಂಡಿನವರ ಕೆಂಪು ಕೋಟುಗಳಿಗೆ ಅವತ್ತೇ ಇಸ್ತ್ರಿಯಾಗಬೇಕಿತ್ತು. ಒದ್ದೆ ಬಟ್ಟೆ ಹಾಸಿ ದರ್ಜಿಯ ಹೆಂಡತಿ ಇಸ್ತ್ರಿ ಒತ್ತುತ್ತಿದ್ದಳು. ಒತ್ತಿದಾಗಲೆಲ್ಲಾ ಬುಸ್ ಎಂದು ಹಬೆ. ಅದರ ನಡುವೆ ದರ್ಜಿ ಕನ್ನಡಕ ಏರಿಸಿ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಎಳೆ ಎಳೆದು, ಬೆಳಕಿಗೆ ಹಿಡಿದು ನೋಡಿದ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಅದು ಬಟಾಣಿಯಂತೆ ಗಟ್ಟಿಯುಂಡೆಯಾದಾಗ "ಈಗ!" ಎಂದು ಕೂಗಿದ. ಪಾಕದಲ್ಲಿ ಹೆಸರಿಡುವ ಹಾಗಿರಲಿಲ್ಲ. ಮೇಷ್ಟ್ರ ಕೈಯಲ್ಲೂ ಹೆಸರಿಡುವ ಹಾಗಿರಲಿಲ್ಲ. ಒಣಹವೆಯವರು ಹೊಯ್ದರು, ಮೇಷ್ಟ್ರು ಕಡೆದರು, ಆಮೇಲೆ ಒಣಹವೆಯವರೂ ಕಡೆದರು, ದರ್ಜಿಯೂ ಕಡೆದ. ಹೊಳಪು ಮಾತ್ರ ಹೋಗಲೊಲ್ಲದು. ಎಣ್ಣೆ ಹಚ್ಚಿದ ಮುಖದ ಹಾಗೆ ಮಿಣಮಿಣ ಮಿನುಗುತ್ತಲೇ ಇತ್ತು. ಒಂದು ಚಮಚ ಜಾರಿ ಬ್ಯಾಂಡಿನವರ ಕೋಟಿನ ತೋಳಿನ ಮೇಲೆ ಬಿತ್ತು. ದರ್ಜಿಯ ಹೆಂಡತಿ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಹಿಡಿದುಕೊಂಡು ಗಂಡನನ್ನು ನೋಡಿದ ನೋಟಕ್ಕೆ ಅವನು ಮಷೀನಿನ ಹಿಂದೆ ಅಡಗಿಕೂತ.

ಮಧ್ಯಾಹ್ನ ಜಾರುತ್ತಿತ್ತು. ಒಣಹವೆಯವರ ಮನಸ್ಸಿನಲ್ಲಿ ದೊಡ್ಡಮ್ಮನ ತಮ್ಮನ ಮಗ ಟ್ರಂಕು ಹೊತ್ತು ಮೆಟ್ಟಿಲು ಹತ್ತುತ್ತಿದ್ದ.

"ಬಿಡಿ, ನನಗೂ ಕೈಗುಣ ಇಲ್ಲ" ಎಂದವರ ಮೂಗು ಕೆಂಪಾಯಿತು, ಬಾಯಿ ತೆರೆಯಿತು, ಕಣ್ಣು ಮುಚ್ಚಿತು. "ಆ... ಆ... ಆಕ್ಷೀ!" ಹ್ಯಾಂಗರುಗಳು ತೂಗಾಡಿದವು. ಮತ್ತೊಂದು. ಮತ್ತೂ ಒಂದು. ಇದ್ದಕ್ಕಿದ್ದಂತೆ ಅವರು ಮೂಗಿನ ತುದಿ ಹಿಡಿದುಕೊಂಡು ಎದ್ದುನಿಂತರು.

"ನಾನು ಸೀನಿದೆ!"

"ಹೌದು ಸಾರ್, ಬೇಕರಿಯವರಿಗೂ ಕೇಳಿಸ್ತು" ಎಂದ ದರ್ಜಿ, ಮಷೀನಿನ ಹಿಂದಿನಿಂದ.

"ಅಲ್ರೀ! ಈಗ ಹೊಳೀತು, ನಾನು ಸೀನೋದು ತೇವ ಇದ್ದ ಕಡೆ ಮಾತ್ರ. ಮೇಷ್ಟ್ರ ಮನೇಲೂ ಸೀನಿದೆ. ಇಲ್ಲೂ ಸೀನಿದೆ. ಎರಡೂ ಕಡೆ ಮಿಠಾಯಿ ಕೆಟ್ಟಿತು. ಸಕ್ಕರೆ ಡಬ್ಬಿ ಮುಚ್ಚಳ ತೆಗೆದಿಟ್ರೆ ಮಳೆಗಾಲದಲ್ಲಿ ಏನಾಗುತ್ತೆ? ಒದ್ದೆಯಾಗುತ್ತೆ! ಗಾಳಿಯಲ್ಲಿರೋ ನೀರನ್ನ ಅದು ಕುಡಿಯುತ್ತೆ. ಇದೂ ಅಷ್ಟೇ, ನಾವು ಕಡೀತಾ ಇರೋ ಹಾಗೇ ಇದು ನೀರು ಕುಡೀತಾ ಕೂತಿದೆ!"

"ಹಾಗಾದ್ರೆ ಸೀನು ಬರದೇ ಇರೋ ಜಾಗ ಬೇಕು" ಎಂದರು ಮೇಷ್ಟ್ರು.

ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಊರಿನ ಹವೆಯನ್ನೆಲ್ಲಾ ಟೈಪು ಮಾಡಿದ ಮನುಷ್ಯನಿಗೆ ತಾನು ಮಲಗುವ ಕೋಣೆಯ ಹವೆ ಎಂಥದ್ದೆಂದು ಆ ಕ್ಷಣದವರೆಗೂ ಹೊಳೆದಿರಲಿಲ್ಲ.

"ಮೇಲಕ್ಕೆ!" ಎಂದರು ಒಣಹವೆಯವರು. ಮೇಷ್ಟ್ರು ಸೀಟಿ ಊದಿದರು. ದರ್ಜಿಯ ಕರೆಂಟು ಒಲೆ, ಪಾತ್ರೆ, ಬೀಟರು, ಸಕ್ಕರೆ, ಬುಟ್ಟಿಯ ತಳದಲ್ಲಿ ಉಳಿದಿದ್ದ ಕೊನೆಯ ಮೊಟ್ಟೆಗಳು, ಎಲ್ಲವೂ ಮೆಟ್ಟಿಲು ಹತ್ತಿದವು. ಇಸ್ತ್ರಿ ಬಿಟ್ಟು ದರ್ಜಿಯ ಹೆಂಡತಿಯೂ ಹಿಂದೆಯೇ ಬಂದಳು.

ಕೋಣೆಯ ಬಾಗಿಲು, ಕಿಟಕಿ ಭದ್ರ ಮಾಡಿದರು. ಹೊರಗೆ ಮಳೆ ತಾರಸಿಯನ್ನು ಬಡಿಯುತ್ತಿತ್ತು. ಒಳಗೆ ಗೋಡೆ ಬೆಚ್ಚಗೆ ಉಸಿರಾಡುತ್ತಿತ್ತು. ಒಣಹವೆಯವರ ಹೆಂಡತಿ ಪಾಕಕ್ಕಿಟ್ಟಳು. ಮೇಷ್ಟ್ರು ಕಡೆಯತೊಡಗಿದರು. ಈ ಸಲ "ಒಂದ್, ಎರಡ್" ಇಲ್ಲ. ದರ್ಜಿ ಎಳೆ ನೋಡಿ, ತಣ್ಣೀರಿನ ಉಂಡೆ ನೋಡಿ, ಕಣ್ಣಲ್ಲೇ ಸನ್ನೆ ಮಾಡಿದ. ಹೆಂಡತಿ ಪಾತ್ರೆಯೆತ್ತಿ ಹೊಯ್ದಳು, ದಾರದಷ್ಟು ಸಣ್ಣಗೆ.

ಪಾಕ ಬಿದ್ದೊಡನೆ ನೊರೆ ಮೇಲೆದ್ದಿತು. ಏನು ಹೇಳಲಿ! ಹಿಂದೆ ಎರಡು ಸಲ ನೋಡಿದ್ದೇ ಆದರೂ ಈಗ ಎದ್ದ ರೀತಿಯೇ ಬೇರೆ. ಸುತ್ತಿ ಸುತ್ತಿ, ಮಡಿಕೆ ಮೇಲೆ ಮಡಿಕೆಯಾಗಿ, ಒಂದರ ಬೆನ್ನ ಮೇಲೊಂದು ಏರಿಕೊಂಡು ಬಂತು. ಮೇಷ್ಟ್ರ ಕಬ್ಬಿಣದ ಕೈಯೂ ಸೋತಿತು. ಬೀಟರನ್ನು ಒಣಹವೆಯವರಿಗೆ ದಾಟಿಸಿದರು. ಒಣಹವೆಯವರು ಕಡೆದರು. ತೋಳು ಉರಿಯಿತು, ಹೆಗಲು ಬಿದ್ದುಹೋಗುವ ಹಾಗಾಯಿತು, ಬಿಡಲಿಲ್ಲ. ಇಷ್ಟು ವರ್ಷ 'ಚದುರಿದ ಮೋಡಗಳು', 'ಭಾಗಶಃ ಮೋಡ' ಎಂದು ಟೈಪು ಮಾಡುತ್ತಾ ಬಂದವರು ಅವರು. ಮೋಡವೊಂದು ಕೈಯೊಳಗೆ ಹುಟ್ಟುವುದನ್ನು ಎಂದೂ ಕಂಡವರಲ್ಲ.

"ಹೊಳಪು..." ಎಂದಳು ಹೆಂಡತಿ, ಪಿಸುದನಿಯಲ್ಲಿ.

ಎಲ್ಲರೂ ಬಗ್ಗಿದರು. ಹೊಳಪು ಹೋಗುತ್ತಿತ್ತು. ಅಂಚಿನಿಂದ ಶುರುವಾಗಿ ಒಳಗೊಳಗೆ, ಮೆಲ್ಲಗೆ, ಹಾಲಿನ ಬಿಳುಪು ಹೋಗಿ ಸುಣ್ಣದ ಬಿಳುಪು ಬಂತು. ಹೆಂಡತಿ ಚಮಚದಲ್ಲಿ ಒಂದಿಷ್ಟು ತೆಗೆದು ತಟ್ಟೆಗಿಟ್ಟಳು. ಚಮಚ ಎತ್ತಿದಾಗ ಎದ್ದ ಮೊನೆ ಎದ್ದ ಹಾಗೆಯೇ ನಿಂತಿತು. ಇನ್ನೊಂದು ಇಟ್ಟಳು. ಅದೂ ನಿಂತಿತು. ತಟ್ಟೆ ತುಂಬ ಬಿಳಿಯ ಪುಟ್ಟ ಮೋಡಗಳು ನಿಂತವು. ದರ್ಜಿಯ ಹೆಂಡತಿ ಕೆನ್ನೆಗೆ ಕೈಕೊಟ್ಟು ನಿಂತಿದ್ದಳು. ಬ್ಯಾಂಡಿನವರ ಕೋಟು ಆಗಲೇ ಮರೆತುಹೋಗಿತ್ತು. ಮೇಷ್ಟ್ರು ಯಾಕೋ ಏನೋ ಎರಡೂ ಕಾಲು ಜೋಡಿಸಿ ನೆಟ್ಟಗೆ ನಿಂತುಬಿಟ್ಟಿದ್ದರು.

"ರೀ" ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. "ಗಟ್ಟಿಯಾಯ್ತು ಕಣ್ರೀ. ಕೋಣೆ ಉಳೀತು."

ತಟ್ಟೆಯನ್ನು ಕೆಳಗೆ ಒಯ್ಯುವ ಹಾಗಿರಲಿಲ್ಲ. ತೊಟ್ಟಿಯ ಪಕ್ಕದ ಗಾಳಿ ತಾಗಿದರೆ ಕೆಲಸ ಕೆಟ್ಟಿತು. ಆದ್ದರಿಂದ ದೊಡ್ಡಮ್ಮನನ್ನೇ ಮೇಲಕ್ಕೆ ತರುವುದೆಂದಾಯಿತು. ಮೇಷ್ಟ್ರೂ ದರ್ಜಿಯೂ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ಹುಷಾರು, ಹುಷಾರು" ಎಂದು ಕೂಗಿಸಿಕೊಳ್ಳುತ್ತಾ, ಪ್ರತಿ ತಿರುವಿನಲ್ಲೂ ಗೋಡೆಗೆ ಮೊಣಕೈ ತರಚಿಕೊಂಡು, ಅಂತೂ ಹೊತ್ತು ತಂದು ಬೆಚ್ಚನೆಯ ಗೋಡೆಯ ಪಕ್ಕ ಇಳಿಸಿದರು.

ದೊಡ್ಡಮ್ಮ ತಟ್ಟೆ ನೋಡಿದರು. ಆಮೇಲೆ ಒಂದನ್ನು ಎರಡು ಬೆರಳಲ್ಲಿ, ಹಕ್ಕಿಮರಿ ಎತ್ತುವ ಹಾಗೆ ಎತ್ತಿ, ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ನಮ್ಮ ಸೋದರತ್ತೆ..." ಎಂದರು. ಮುದುಕಿಯ ಮುಖದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಬಂದು ಕೂತಿದ್ದನ್ನು ಅಲ್ಲಿದ್ದವರೆಲ್ಲಾ ಕಂಡರು.

ಕಣ್ಣೊರೆಸಿಕೊಂಡು ದೊಡ್ಡಮ್ಮ ಒಣಹವೆಯವರ ಕೈ ಹಿಡಿದುಕೊಂಡರು. "ಎಂಥಾ ಕೈಗುಣ ಅಪ್ಪಾ ನಿಮ್ಮದು! ನಾನು ಆಡಿದ ಮಾತು ಆಡಿದ್ದೇ. ನನ್ನ ತಮ್ಮನ ಮಗನಿಗೆ ಈ ಕೋಣೆ ಇಲ್ಲ. ಅವನು ಎಲ್ಲಾದ್ರೂ ನೋಡ್ಕೊಳ್ಳಲಿ."

ಮೇಷ್ಟ್ರು ಸೀಟಿ ಊದಿದರು. ದರ್ಜಿ ಚಪ್ಪಾಳೆ ತಟ್ಟಿದ. ಒಣಹವೆಯವರ ಹೆಂಡತಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕತೆ ಇಲ್ಲಿಗೆ ಮುಗಿಯಬೇಕಿತ್ತು, ನನಗೂ ಅದೇ ಆಸೆ.

ಆದರೆ ಒಣಹವೆಯವರಿಗೆ ಸಮಾಧಾನವಿಲ್ಲ. ಕೈಗುಣವಂತೆ, ಕೈಗುಣ! ವರ್ಷಗಟ್ಟಲೆ 'ಒಣ ಹವೆ, ಒಣ ಹವೆ' ಎಂದು ಹೇಳಿ ಊರಿಡೀ ಆಡಿಕೊಂಡು ನಗುವಂತಾಗಿದ್ದ ಮನುಷ್ಯ. ಇವತ್ತು, ಬದುಕಿನಲ್ಲಿ ಮೊದಲ ಸಲ, ಅವರು ಒಣಹವೆ ಎಂದ ಕಡೆ ನಿಜವಾಗಿಯೂ ಒಣಹವೆಯೇ ಇತ್ತು. ಅದಕ್ಕೆ ತಟ್ಟೆ ತುಂಬ ಸಾಕ್ಷಿಯಿತ್ತು. ಆ ಕೀರ್ತಿಯನ್ನು ಕೈಗೆ ಬಿಟ್ಟುಕೊಡುವುದು ಹೇಗೆ?

"ಕೈಗುಣ ಅಲ್ಲ ದೊಡ್ಡಮ್ಮ" ಎಂದರು.

"ರೀ" ಎಂದಳು ಹೆಂಡತಿ.

"ಇರೇ ಇವಳೇ, ತಿಳ್ಕೊಳ್ಳಲಿ. ದೊಡ್ಡಮ್ಮ, ಇದೆಲ್ಲಾ ಹವೆ! ಇದೇ ಕೈ, ಇದೇ ಮೊಟ್ಟೆ, ಇದೇ ಸಕ್ಕರೆ. ಮೇಷ್ಟ್ರ ಮನೇಲಿ ಕೆಟ್ಟಿತು, ದರ್ಜಿ ಮನೇಲಿ ಕೆಟ್ಟಿತು, ಇಲ್ಲಿ ಗಟ್ಟಿಯಾಯ್ತು. ಯಾಕೆ? ಈ ಗೋಡೆ ಮುಟ್ಟಿ ನೋಡಿ. ಇಡೀ ಊರಲ್ಲಿ ಒಣಗಾಳಿ ಇರೋ ಕೋಣೆ ಅಂದ್ರೆ ಇದೊಂದೇ. ಇಲ್ಲಿ ಯಾರು ಕೂತು ಮಾಡಿದ್ರೂ ಆಗುತ್ತೆ."

ಹೆಂಡತಿ ಅವರ ಬೆನ್ನನ್ನು ಹಿಂದಿನಿಂದ ಗಟ್ಟಿಯಾಗಿ ಚಿವುಟಿದಳು. ಆ ಉತ್ಸಾಹದಲ್ಲಿ ಅವರಿಗೆ ಅದು ಬೆನ್ನು ತಟ್ಟಿದಂತೆ ಭಾಸವಾಯಿತು.

ದೊಡ್ಡಮ್ಮ ಗೋಡೆಯ ಮೇಲೆ ಅಂಗೈ ಇಟ್ಟರು. ಇಟ್ಟವರು ತೆಗೆಯಲಿಲ್ಲ. "ಅಂದ್ರೆ... ನಾನು ಮಾಡಿದಾಗ ಆಗದೇ ಇದ್ದದ್ದು?"

"ನಿಮ್ಮ ಅಡುಗೆಮನೆ ತೊಟ್ಟಿಗೆ ಅಂಟಿಕೊಂಡಿದೆ ದೊಡ್ಡಮ್ಮ! ಈ ಊರಲ್ಲಿ ಅದಕ್ಕಿಂತ ತೇವ ಇರೋ ಕೋಣೆ ಇನ್ನೊಂದಿಲ್ಲ, ಬೇಕಾದ್ರೆ ಬರ್ಕೊಡ್ತೀನಿ. ಅಲ್ಲಿ ನಿಮ್ಮ ಸೋದರತ್ತೆನೇ ಬಂದು ಮಾಡಿದ್ರೂ ಅಂಟೇ. ಮನುಷ್ಯರು ಅಲ್ಲಿ ಹೇಗಿರ್ತಾರೋ ಅನ್ನೋದೇ ಆಶ್ಚರ್ಯ."

ದೊಡ್ಡಮ್ಮ ತಮ್ಮ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಹೊಸದಾಗಿ ಯಾರೋ ಕೊಟ್ಟದ್ದೇನೋ ಎಂಬಂತೆ ನೋಡಿದರು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು" ಎಂದರು. "ನಮ್ಮತ್ತೆ ಸಾಯೋವರೆಗೂ ಆಡಿಕೊಂಡ್ರು. ನಾನೂ ನಂಬಿಬಿಟ್ಟಿದ್ದೆ. ಒಬ್ಬರಿಗೆ ಒಂದು ಸಿಹಿ ಮಾಡಿ ಬಡಿಸೋಕೂ ಹೆದರ್ಕೊಂಡು ಇಷ್ಟು ವರ್ಷ ಕಳೆದೆ. ನನ್ನ ಕೈ ಸರಿಯಾಗೇ ಇತ್ತು!"

"ಇತ್ತು ದೊಡ್ಡಮ್ಮ!" ಎಂದರು ಒಣಹವೆಯವರು. ಅವರ ಕಣ್ಣೂ ತುಂಬಿ ಬಂದಿತ್ತು. ತಮ್ಮ ಇಲಾಖೆಯಿಂದ ಒಬ್ಬರಿಗೆ ಇಷ್ಟು ಸಂತೋಷವಾದದ್ದನ್ನು ಅವರು ಕಂಡಿದ್ದೇ ಇವತ್ತು.

"ಸರಿ" ಎಂದು ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ದನಿ ಬದಲಾಗಿತ್ತು. "ಆ ಒಲೆ ಇಲ್ಲೇ ಇರಲಿ. ಮೊಟ್ಟೆ ತರಿಸಿ. ನನ್ನ ತಮ್ಮನ ಮಗನಿಗೂ ಬೇಡ, ಯಾರಿಗೂ ಬೇಡ, ಈ ಕೋಣೆ ನನಗೇ ಬೇಕು. ಇನ್ನು ಎಷ್ಟು ದಿವಸ ಇರ್ತೀನೋ, ಅಷ್ಟು ದಿನ ನಾನೇ ಇಲ್ಲಿ ಕೂತು, ನನ್ನ ಕೈಯಾರೆ ಮಾಡ್ತೀನಿ."

ಒಣಹವೆಯವರ ನಗು ಮುಖದಲ್ಲೇ ನಿಂತುಹೋಯಿತು. "ದೊಡ್ಡಮ್ಮ, ಮತ್ತೆ... ನಾವು?"

"ಅಯ್ಯೋ, ನಿಮ್ಮನ್ನ ಬೀದಿಗೆ ಹಾಕ್ತೀನಾ? ಇಷ್ಟು ಉಪಕಾರ ಮಾಡಿದ್ದೀರಿ! ಕೆಳಗೆ ನನ್ನ ಮನೆ ಖಾಲಿ ಆಯ್ತಲ್ಲ. ತೊಟ್ಟಿ ಪಕ್ಕದ್ದು. ನೀವಿಬ್ಬರೂ ಅಲ್ಲಿಗೆ ಬಂದುಬಿಡಿ."

ಹೆಂಡತಿ ಗಂಡನನ್ನು ನೋಡುತ್ತಾ ಹೋಗಿ, ಗೋಡೆಗೆ ಒರಗಿ ಕೂತಳು.

"ಆದ್ರೆ ದೊಡ್ಡಮ್ಮ, ನಿಮ್ಮ ಮಂಡಿ!" ಒಣಹವೆಯವರು ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡರು. "ಇಷ್ಟು ಮೆಟ್ಟಿಲು ದಿನಾ ಹೇಗೆ ಹತ್ತಿ ಇಳೀತೀರಿ?"

"ಹತ್ತಿದ್ದಾಯ್ತಲ್ಲಪ್ಪಾ" ಎಂದರು ದೊಡ್ಡಮ್ಮ, ಇನ್ನೊಂದು ಮೋಡವನ್ನು ಬಾಯಿಗಿಟ್ಟುಕೊಳ್ಳುತ್ತಾ. "ಇನ್ನು ಯಾಕೆ ಇಳೀಬೇಕು?"

ಡ್ರಿಲ್ ಮೇಷ್ಟ್ರು ಆಗಲೇ ಒಣಹವೆಯವರ ಹಾಸಿಗೆ ಸುತ್ತಿ ಹೆಗಲಿಗೇರಿಸಿದ್ದರು.